ಹಳೆಯ ಫೋನಿನಲ್ಲಿ ಜಾಗ ಮಾಡಿಕೊಳ್ಳುವುದು ಹೇಗೆ: ಫೋಟೊ ಕಳೆದುಕೊಳ್ಳದೆ, ಕ್ಲೀನರ್ ಆ್ಯಪ್ ಹಾಕದೆ

'ಸ್ಟೋರೇಜ್ ತುಂಬಿದೆ' ಎಂಬ ಸೂಚನೆ ಕಂಡ ಕೂಡಲೇ ಹೆಚ್ಚಿನವರು ಗ್ಯಾಲರಿ ತೆರೆದು ಕಣ್ಣಿಗೆ ಬಿದ್ದ ಹತ್ತಿಪ್ಪತ್ತು ಫೋಟೊಗಳನ್ನು ಅಳಿಸುತ್ತಾರೆ. ಅದರಿಂದ ಸಿಗುವುದು ಐವತ್ತೋ ಅರವತ್ತೋ ಎಂಬಿ. ಮರುದಿನ ಬೆಳಿಗ್ಗೆಯೊಳಗೆ ಗ್ರೂಪುಗಳಿಂದ ಬಂದ ವಿಡಿಯೊಗಳು ಅಷ್ಟನ್ನೂ ನುಂಗಿರುತ್ತವೆ, ಸೂಚನೆ ಮತ್ತೆ ಹಾಜರ್. 16 ಅಥವಾ 32 ಜಿಬಿಯ ಹಳೆಯ ಫೋನಿನಲ್ಲಿ ನಿಜವಾಗಿ ಜಾಗ ಸಿಗಬೇಕಾದರೆ ಮೊದಲು ಭಾರ ಎಲ್ಲಿ ಕೂತಿದೆ ಎಂದು ನೋಡಬೇಕು. ಬೇಕಾದದ್ದಕ್ಕೆ ನಕಲು ಮಾಡಿಡಬೇಕು, ಆಮೇಲೆ ದೊಡ್ಡದರಿಂದ ಶುರುಮಾಡಿ ಅಳಿಸಬೇಕು, ಕೊನೆಗೆ ತಾನೇ ತಾನಾಗಿ ಒಳಗೆ ಬರುವುದನ್ನು ನಿಲ್ಲಿಸಬೇಕು. ಈ ಅನುಕ್ರಮ ತಪ್ಪಿದರೆ ಕೆಲಸ ವ್ಯರ್ಥ, ಇಲ್ಲವೇ ಮತ್ತೆ ಸಿಗದ ಫೋಟೊ ಹೋಗಿರುತ್ತದೆ.

ಕೆಳಗಿನ ಹಂತಗಳು ಮುಖ್ಯವಾಗಿ ಆಂಡ್ರಾಯ್ಡ್ ಫೋನಿಗೆ. ಐಫೋನಿನವರಿಗೆ ಬೇಕಾದದ್ದು ಕೊನೆಯ ಹತ್ತಿರದ 'ಐಫೋನ್ ಆದರೆ' ಭಾಗದಲ್ಲಿದೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ತುಸು ಬೇರೆ ಇರುತ್ತದೆ. ಹುಡುಕಿದ್ದು ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ 'ಸ್ಟೋರೇಜ್' ಎಂದು ಟೈಪ್ ಮಾಡಿ.

ಎಷ್ಟು ಖಾಲಿ ಇರಬೇಕು, ಏಕೆ

ಫೋನಿನ ಸ್ಟೋರೇಜ್ ಫ್ಲ್ಯಾಶ್ ಮೆಮೊರಿ. ಅದರಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ಅಂಥ ನೂರಾರು ಪುಟಗಳ ದೊಡ್ಡ ಬ್ಲಾಕ್‌ಗಳಲ್ಲಿ. ಹೊಸದನ್ನು ಬರೆಯಲು ಮೊದಲೇ ಅಳಿಸಿಟ್ಟ ಬ್ಲಾಕ್ ಬೇಕು. ಫೋನ್ ತುಂಬುತ್ತಾ ಹೋದಂತೆ ಅಂಥ ಬ್ಲಾಕ್‌ಗಳು ಮುಗಿಯುತ್ತವೆ. ಆಗ ಒಂದು ಸಣ್ಣ ಸಂದೇಶವನ್ನು ಉಳಿಸಲಿಕ್ಕೂ ಒಳಗಿನ ಕಂಟ್ರೋಲರ್ ಇರುವ ಮಾಹಿತಿಯನ್ನು ಬೇರೆಡೆಗೆ ಎತ್ತಿಟ್ಟು, ಬ್ಲಾಕ್ ಅಳಿಸಿ, ಆಮೇಲೆ ಬರೆಯಬೇಕಾಗುತ್ತದೆ. ತುಂಬಿದ ಫೋನ್ ಕೀಬೋರ್ಡ್ ತೆರೆಯಲಿಕ್ಕೂ ತಡವರಿಸುವುದಕ್ಕೆ ಇದೊಂದು ದೊಡ್ಡ ಕಾರಣ. ಎಷ್ಟೋ ಸಲ 'ಫೋನ್ ಹಳೆಯದಾಯ್ತು, ನಿಧಾನ ಆಯ್ತು' ಎಂದು ಕೈಬಿಡುವ ಫೋನಿಗೆ ಬೇಕಿದ್ದದ್ದು ಎರಡು ಜಿಬಿ ಖಾಲಿ ಜಾಗವಷ್ಟೇ.

ಇನ್ನೊಂದು ಕಾರಣ ಅಪ್‌ಡೇಟ್. ಆ್ಯಪ್ ಅಪ್‌ಡೇಟ್ ಆಗುವಾಗ ಹಳೆಯ ಪ್ರತಿ ಇದ್ದಂತೆಯೇ ಹೊಸದು ಇಳಿದು, ಬಿಚ್ಚಿ, ಜೋಡಣೆಯಾಗಬೇಕು. ಹಾಗಾಗಿ 150 ಎಂಬಿಯ ಆ್ಯಪ್ ಅಪ್‌ಡೇಟ್ ಆಗಲು ಸ್ವಲ್ಪ ಹೊತ್ತಿನ ಮಟ್ಟಿಗೆ ಅದರ ಎರಡು ಮೂರು ಪಟ್ಟು ಜಾಗ ಬೇಕಾಗಬಹುದು.

ಮೂಲ ಆಂಡ್ರಾಯ್ಡ್ ಎಚ್ಚರಿಕೆ ಕೊಡುವುದು ಉಳಿದ ಜಾಗ ಒಟ್ಟು ಸ್ಟೋರೇಜಿನ ಶೇ 5ಕ್ಕೆ ಅಥವಾ 500 ಎಂಬಿಗೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ, ಇಳಿದಾಗ. ಅಂದರೆ 16 ಜಿಬಿ ಫೋನಿನಲ್ಲಿ 500 ಎಂಬಿ ಉಳಿದಾಗ. ಅಷ್ಟರಲ್ಲಿ ಫೋನ್ ಆಗಲೇ ಒದ್ದಾಡುತ್ತಿರುತ್ತದೆ. ಸೂಚನೆಗೆ ಕಾಯಬೇಡಿ. ಒಟ್ಟು ಜಾಗದಲ್ಲಿ ಶೇ 10ರಿಂದ 15ರಷ್ಟು ಸದಾ ಖಾಲಿ ಇರುವಂತೆ ನೋಡಿಕೊಳ್ಳಿ: 16 ಜಿಬಿಗೆ ಸುಮಾರು 2 ಜಿಬಿ, 32 ಜಿಬಿಗೆ 3ರಿಂದ 5 ಜಿಬಿ.

ಮೊದಲು ಅಳತೆ

ಸೆಟ್ಟಿಂಗ್ಸ್ > ಸ್ಟೋರೇಜ್ ತೆರೆಯಿರಿ. ಆ್ಯಪ್‌ಗಳು, ಫೋಟೊ, ವಿಡಿಯೊ, ಆಡಿಯೊ, ಡಾಕ್ಯುಮೆಂಟ್, ಸಿಸ್ಟಮ್ ಎಂದು ವಿಂಗಡಿಸಿದ ಲೆಕ್ಕ ಬರುತ್ತದೆ. ಲೆಕ್ಕ ಪೂರ್ತಿಯಾಗಲು ಹಳೆಯ ಫೋನಿಗೆ ಒಂದೆರಡು ನಿಮಿಷ ಬೇಕು, ಅಷ್ಟು ಹೊತ್ತು ಪರದೆ ಬಿಟ್ಟು ಹೋಗಬೇಡಿ. ಯಾವ ಮೂರು ಸಾಲುಗಳು ಅತಿ ದೊಡ್ಡವೋ ಅವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಖಾಲಿ ಜಾಗ ಎಷ್ಟಿದೆ ಎಂಬುದನ್ನೂ ಬರೆಯಿರಿ. ಒಂದೊಂದು ಹಂತ ಮುಗಿದ ಮೇಲೆ ಈ ಸಂಖ್ಯೆ ನೋಡಿದರೆ ಯಾವ ಕೆಲಸದಿಂದ ಎಷ್ಟು ಬಂತು ಎಂದು ಗೊತ್ತಾಗುತ್ತದೆ.

'ಸಿಸ್ಟಮ್' ಎಂಬ ಸಾಲು ಐದಾರು ಜಿಬಿ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಗಾಬರಿ ಬೇಡ. ಅದು ಆಂಡ್ರಾಯ್ಡ್ ಮತ್ತು ಕಂಪನಿಯೇ ಹಾಕಿಕೊಟ್ಟ ಆ್ಯಪ್‌ಗಳು ಕೂತಿರುವ ಜಾಗ, ನಮ್ಮ ಕೈಗೆ ಸಿಗುವಂಥದ್ದಲ್ಲ. 'ಇತರೆ' ಎಂಬ ಸಾಲು ದೊಡ್ಡದಿದ್ದರೆ ಮಾತ್ರ ನೋಡಬೇಕು. ಯಾವ ವಿಭಾಗಕ್ಕೂ ಸೇರದ ಫೈಲ್‌ಗಳ ಮೊತ್ತ ಅದು. ಹಳೆಯ ಬ್ಯಾಕಪ್, ಕಸದಬುಟ್ಟಿಯಲ್ಲಿರುವ ಫೈಲ್, ಇನ್‌ಸ್ಟಾಲ್ ಮಾಡಲು ಇಳಿಸಿಟ್ಟ ಎಪಿಕೆ ಕಡತಗಳೆಲ್ಲ ಅಲ್ಲೇ ಸೇರಿರುತ್ತವೆ.

ಉಳಿದಿರುವುದು 100 ಎಂಬಿಗಿಂತ ಕಡಿಮೆಯಿದ್ದರೆ ಕೆಲವು ಆ್ಯಪ್‌ಗಳು ತೆರೆಯುವುದೇ ಇಲ್ಲ. ಆಗ ಉಸಿರಾಡಲು ಜಾಗ ಮಾಡಿಕೊಳ್ಳಿ: ಬ್ರೌಸರ್ ಮತ್ತು ಯೂಟ್ಯೂಬ್‌ನ ಕ್ಯಾಶ್ (ಬೇಗ ತೆರೆಯಲೆಂದು ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಫೈಲ್‌ಗಳು, ದಾರಿ ಕೆಳಗೆ 'ಆ್ಯಪ್‌ಗಳು' ಭಾಗದಲ್ಲಿದೆ) ಅಳಿಸಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬೇಡವಾದ ಒಂದು ದೊಡ್ಡ ಫೈಲ್ ತೆಗೆದುಹಾಕಿ, ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ. ಮುಂದಿನದೆಲ್ಲ ಆಮೇಲೆ.

ವಾಟ್ಸಾಪ್: ಹೆಚ್ಚಿನ ಫೋನುಗಳಲ್ಲಿ ಭಾರ ಇರುವುದು ಇಲ್ಲೇ

ವಾಟ್ಸಾಪಿನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್ > ಸ್ಟೋರೇಜ್ ಆ್ಯಂಡ್ ಡೇಟಾ > ಮ್ಯಾನೇಜ್ ಸ್ಟೋರೇಜ್‌ಗೆ ಹೋಗಿ. ಮೇಲೆ 5 ಎಂಬಿಗಿಂತ ದೊಡ್ಡ ಫೈಲ್‌ಗಳು ಮತ್ತು ಹಲವು ಬಾರಿ ಫಾರ್ವರ್ಡ್ ಆದ ಫೈಲ್‌ಗಳು ಎಂಬ ಎರಡು ಗುಂಪುಗಳಿರುತ್ತವೆ. ಕೆಳಗೆ ಪ್ರತಿಯೊಂದು ಚಾಟ್ ಮತ್ತು ಗ್ರೂಪ್ ಎಷ್ಟೆಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ, ದೊಡ್ಡದು ಮೊದಲು. ಹಲವು ಬಾರಿ ಫಾರ್ವರ್ಡ್ ಆದ ಗುಂಪಿನಿಂದ ಆರಂಭಿಸಿ. ಅದರಲ್ಲಿ ಮನೆಯವರ ಫೋಟೊ ಇರುವ ಸಾಧ್ಯತೆ ತೀರಾ ಕಡಿಮೆ. ನಂತರ ದೊಡ್ಡ ಫೈಲ್‌ಗಳ ಗುಂಪನ್ನು ಗಾತ್ರದ ಪ್ರಕಾರ ಜೋಡಿಸಿಕೊಂಡು ಮೇಲಿನಿಂದ ನೋಡುತ್ತಾ ಬನ್ನಿ. ಒಂದೇ ವಿಡಿಯೊ ನಾಲ್ಕು ಗ್ರೂಪಿನಲ್ಲಿ ಬಂದಿದ್ದರೆ ಅಳಿಸುವಾಗ 'ಎಲ್ಲ ಪ್ರತಿಗಳನ್ನೂ ಅಳಿಸು' ಎಂಬ ಆಯ್ಕೆ ಕೇಳುತ್ತದೆ. ಅದನ್ನೇ ಆರಿಸಿ, ಒಂದು ಪ್ರತಿ ಅಳಿಸಿದರೆ ಜಾಗ ಖಾಲಿಯಾಗುವುದಿಲ್ಲ.

ಚಾಟ್ ಒಳಗಿನಿಂದ 'ಕ್ಲಿಯರ್ ಚಾಟ್' ಮಾಡುವವರು ಗಮನಿಸಬೇಕಾದದ್ದು: 'ಫೋನಿನ ಗ್ಯಾಲರಿಯಿಂದಲೂ ಮೀಡಿಯಾ ಅಳಿಸು' ಎಂಬ ಚೌಕವನ್ನು ಟಿಕ್ ಮಾಡದಿದ್ದರೆ ಸಂದೇಶಗಳು ಹೋಗುತ್ತವೆ, ಫೋಟೊ ವಿಡಿಯೊಗಳು ಫೋನಿನಲ್ಲೇ ಉಳಿಯುತ್ತವೆ. 'ಚಾಟ್ ಎಲ್ಲ ಅಳಿಸಿದೆ, ಒಂದು ಎಂಬಿಯೂ ಸಿಗಲಿಲ್ಲ' ಎನ್ನುವವರ ಸಮಸ್ಯೆ ಸಾಮಾನ್ಯವಾಗಿ ಇದೇ.

ಮ್ಯಾನೇಜ್ ಸ್ಟೋರೇಜ್‌ನಲ್ಲಿ ನೋಡಿದ ಮೇಲೂ ಎರಡು ಮೂಲೆಗಳು ಉಳಿಯುತ್ತವೆ. ಫೈಲ್ ಮ್ಯಾನೇಜರ್ ಬೇಕು. ಫೋನಿನಲ್ಲೇ ಒಂದಿರುತ್ತದೆ, ಇಲ್ಲದಿದ್ದರೆ ಗೂಗಲ್‌ನ ಫೈಲ್ಸ್ ಆ್ಯಪ್ ಸಾಕು.

ಒಂದು, ಕಳಿಸಿದ್ದರ ನಕಲು. ನೀವು ಕ್ಯಾಮೆರಾದಲ್ಲಿ ತೆಗೆದ ವಿಡಿಯೊವನ್ನು ಯಾರಿಗಾದರೂ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಇನ್ನೊಂದು ಪ್ರತಿ ಮಾಡಿಕೊಂಡು 'ಸೆಂಟ್' ಎಂಬ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ಅದು ಇರುವುದು ಇಂಟರ್ನಲ್ ಸ್ಟೋರೇಜ್ > ಆಂಡ್ರಾಯ್ಡ್ > ಮೀಡಿಯಾ > ಕಾಮ್.ವಾಟ್ಸಾಪ್ > ವಾಟ್ಸಾಪ್ > ಮೀಡಿಯಾ ಎಂಬ ದಾರಿಯಲ್ಲಿ, ವಾಟ್ಸಾಪ್ ವಿಡಿಯೊ ಮತ್ತು ವಾಟ್ಸಾಪ್ ಇಮೇಜಸ್ ಫೋಲ್ಡರ್‌ಗಳ ಒಳಗೆ. ಹಳೆಯ ಆಂಡ್ರಾಯ್ಡ್‌ನಲ್ಲಿ ಇಂಟರ್ನಲ್ ಸ್ಟೋರೇಜ್ ತೆರೆದ ಕೂಡಲೇ ವಾಟ್ಸಾಪ್ ಎಂಬ ಫೋಲ್ಡರ್ ಕಾಣುತ್ತದೆ. ಮೂಲ ವಿಡಿಯೊ ಕ್ಯಾಮೆರಾ ಫೋಲ್ಡರಿನಲ್ಲಿ ಇದೆ ಎಂದು ಖಾತರಿ ಮಾಡಿಕೊಂಡು ಸೆಂಟ್ ಫೋಲ್ಡರಿನ ಒಳಗಿರುವುದನ್ನು ಅಳಿಸಬಹುದು. ಅಳಿಸಿದ ಮೇಲೆ ಚಾಟಿನಲ್ಲಿ ಆ ವಿಡಿಯೊ ತೆರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡು, ಅದೇ ವಾಟ್ಸಾಪ್ ಫೋಲ್ಡರಿನಲ್ಲಿ ಮೀಡಿಯಾದ ಪಕ್ಕದಲ್ಲಿರುವ ಡೇಟಾಬೇಸಸ್ ಫೋಲ್ಡರ್. ಇದನ್ನು ನೋಡುವವರು ಬಹಳ ಕಡಿಮೆ. ವಾಟ್ಸಾಪ್ ದಿನಕ್ಕೊಮ್ಮೆ ನಿಮ್ಮ ಎಲ್ಲ ಸಂದೇಶಗಳ ಬ್ಯಾಕಪ್ ಅನ್ನು ಫೋನಿನಲ್ಲೇ ಬರೆದಿಟ್ಟು, ಹಿಂದಿನ ಏಳು ದಿನಗಳವರೆಗಿನ ಪ್ರತಿಗಳನ್ನು ಉಳಿಸಿಕೊಳ್ಳುತ್ತದೆ. ಹತ್ತಾರು ಗ್ರೂಪುಗಳಿದ್ದು ವರ್ಷಗಟ್ಟಲೆ ಚಾಟ್ ಅಳಿಸದ ಫೋನಿನಲ್ಲಿ ಒಂದೊಂದು ಪ್ರತಿಯೂ 200–300 ಎಂಬಿ ದಾಟಬಹುದು. ಏಳು ಸೇರಿದರೆ ಲೆಕ್ಕ ನೀವೇ ಹಾಕಿ. ಫೋಲ್ಡರ್ ತೆರೆದಾಗ 'ಎಂಎಸ್‌ಜಿಸ್ಟೋರ್' ಎಂದು ಶುರುವಾಗುವ ಫೈಲ್‌ಗಳು ಕಾಣುತ್ತವೆ. ಹೆಸರಿನ ನಡುವೆ ವರ್ಷ, ತಿಂಗಳು, ದಿನ ಇರುವವು ಹಳೆಯ ಪ್ರತಿಗಳು, ದಿನಾಂಕವಿಲ್ಲದ ಒಂದು ಫೈಲ್ ಇತ್ತೀಚಿನದು. ದಿನಾಂಕ ಇರುವುದನ್ನಷ್ಟೇ ಅಳಿಸಿ. ದಿನಾಂಕವಿಲ್ಲದ್ದನ್ನೂ ಬೇರೆ ಹೆಸರಿನ ಫೈಲ್‌ಗಳನ್ನೂ ಮುಟ್ಟಬೇಡಿ. ಅಳಿಸುವ ಮುನ್ನ ವಾಟ್ಸಾಪಿನ ಸೆಟ್ಟಿಂಗ್ಸ್ > ಚಾಟ್ಸ್ > ಚಾಟ್ ಬ್ಯಾಕಪ್‌ನಲ್ಲಿ ಒಮ್ಮೆ ಬ್ಯಾಕಪ್ ಕೊಟ್ಟು ಬಿಡಿ.

ಹಳೆಯ ಆಂಡ್ರಾಯ್ಡ್‌ನಿಂದ 11ಕ್ಕೆ ಅಪ್‌ಡೇಟ್ ಆದ ಕೆಲವು ಫೋನ್‌ಗಳಲ್ಲಿ ಹೊಸ ಜಾಗದಲ್ಲಿ ವಾಟ್ಸಾಪ್ ಫೋಲ್ಡರ್ ಇದ್ದೂ ಹಳೆಯ ಜಾಗದ ಫೋಲ್ಡರ್ ಹಾಗೇ ಉಳಿದುಬಿಟ್ಟಿರುತ್ತದೆ. ಎರಡೂ ಕಂಡರೆ ಹಳೆಯದನ್ನು ಮೊದಲು ಕಂಪ್ಯೂಟರಿಗೆ ನಕಲಿಸಿ, ಒಂದು ವಾರ ನೋಡಿ, ಆಮೇಲೆ ತೆಗೆಯಿರಿ.

ಇನ್ನು ಒಳಹರಿವನ್ನು ನಿಲ್ಲಿಸುವುದು. ಸ್ಟೋರೇಜ್ ಆ್ಯಂಡ್ ಡೇಟಾ ಪುಟದಲ್ಲೇ ಕೆಳಗೆ ಮೀಡಿಯಾ ಆಟೊ ಡೌನ್‌ಲೋಡ್ ಇದೆ. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಎಂದು ಮೂರು ಸಾಲು. ಮೂರರಲ್ಲೂ ವಿಡಿಯೊ, ಆಡಿಯೊ, ಡಾಕ್ಯುಮೆಂಟ್‌ನ ಟಿಕ್ ತೆಗೆಯಿರಿ. ಎಲ್ಲರೂ ಮರೆಯುವುದು ವೈಫೈ ಸಾಲನ್ನು. ಫೋಟೊದ ಟಿಕ್ ಬೇಕಿದ್ದರೆ ಇಟ್ಟುಕೊಳ್ಳಿ. ವಾಯ್ಸ್ ಮೆಸೇಜ್‌ಗಳು ಈ ಸೆಟ್ಟಿಂಗ್ ಏನೇ ಇದ್ದರೂ ತಾವಾಗಿ ಇಳಿಯುತ್ತವೆ, ಅವು ಚಿಕ್ಕವು. 'ಮೀಡಿಯಾ ವಿಸಿಬಿಲಿಟಿ' ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಅದನ್ನು ಆಫ್ ಮಾಡಿದರೆ ಫೋಟೊಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ ಅಷ್ಟೇ, ಜಾಗ ಹಿಡಿಯುವುದು ನಿಲ್ಲುವುದಿಲ್ಲ. ಇವೆರಡನ್ನು ಒಂದೇ ಎಂದು ತಿಳಿದು ನಿಶ್ಚಿಂತೆಯಿಂದ ಕೂತವರು ಬಹಳ.

ಟೆಲಿಗ್ರಾಮ್ ಬಳಸುವವರ ಕೆಲಸ ಸುಲಭ. ಸೆಟ್ಟಿಂಗ್ಸ್ > ಡೇಟಾ ಆ್ಯಂಡ್ ಸ್ಟೋರೇಜ್ > ಸ್ಟೋರೇಜ್ ಯೂಸೇಜ್‌ನಲ್ಲಿ ಕ್ಯಾಶ್ ಅಳಿಸಿದರೂ ಸಾಮಾನ್ಯ ಚಾಟಿನ ಫೈಲ್‌ಗಳು ಅದರ ಸರ್ವರಿನಲ್ಲಿರುತ್ತವೆ, ಬೇಕೆಂದಾಗ ಮತ್ತೆ ಇಳಿಸಿಕೊಳ್ಳಬಹುದು. ಅಲ್ಲೇ ಮೀಡಿಯಾ ಎಷ್ಟು ದಿನ ಇರಬೇಕು, ಕ್ಯಾಶ್ ಗರಿಷ್ಠ ಎಷ್ಟು ಎಂದು ಮಿತಿ ಹಾಕಬಹುದು. ಸೀಕ್ರೆಟ್ ಚಾಟ್ ಮಾತ್ರ ಸರ್ವರಿನಲ್ಲಿ ಇರುವುದಿಲ್ಲ, ಅದರೊಳಗಿನದನ್ನು ಬೇರೆಡೆ ಉಳಿಸಿಕೊಂಡಿರಬೇಕು.

ಫೋಟೊ, ವಿಡಿಯೊ: ನಕಲು ಮೊದಲು, ಅಳಿಸುವುದು ಆಮೇಲೆ

ಫೋಟೊಗಳ ಹಿಂದೆ ಬೀಳುವ ಮೊದಲು ವಿಡಿಯೊ ನೋಡಿ. 12 ಮೆಗಾಪಿಕ್ಸೆಲ್ ಫೋಟೊ ಒಂದಕ್ಕೆ ಸುಮಾರು 3ರಿಂದ 5 ಎಂಬಿ. 1080ಪಿ ವಿಡಿಯೊ ಒಂದು ನಿಮಿಷಕ್ಕೆ ಸುಮಾರು 100–130 ಎಂಬಿ, 4ಕೆ ಆದರೆ 350 ಎಂಬಿಯ ಆಸುಪಾಸು. ಐದು ನಿಮಿಷದ ಒಂದೇ ಒಂದು 4ಕೆ ವಿಡಿಯೊ ನಾನೂರು ಫೋಟೊಗಳ ಜಾಗ ಹಿಡಿದಿರುತ್ತದೆ. ಗ್ಯಾಲರಿಯಲ್ಲಿ ವಿಡಿಯೊಗಳನ್ನು ಮಾತ್ರ ಬೇರೆ ಮಾಡಿ, ಅವುಗಳಲ್ಲೇ ಮೊದಲು ಕೈಯಾಡಿಸಿ. ಸ್ಕ್ರೀನ್ ರೆಕಾರ್ಡಿಂಗ್‌ಗಳು ಇನ್ನೊಂದು ಕಡೆ ಇರುತ್ತವೆ, ಅವನ್ನೂ ನೋಡಿ.

ಗೂಗಲ್ ಫೋಟೋಸ್ ಬಳಸುವುದಾದರೆ ಪ್ರೊಫೈಲ್ ಚಿತ್ರ ಒತ್ತಿದಾಗ ಬ್ಯಾಕಪ್ ಪೂರ್ಣಗೊಂಡಿದೆ ಎಂದು ಬರುವವರೆಗೂ ವೈಫೈನಲ್ಲಿ ಬಿಡಿ. 'ಇನ್ನೂ 214 ಬಾಕಿ' ಎಂಬಂಥ ಸಾಲು ಕಂಡರೆ ಮುಂದುವರಿಯಬೇಡಿ. ಪೂರ್ಣವಾದ ಮೇಲೆ ಅದೇ ಮೆನುವಿನ 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಬ್ಯಾಕಪ್ ಆದವುಗಳ ಫೋನಿನ ಪ್ರತಿ ಮಾತ್ರ ಹೋಗುತ್ತದೆ. ಇಲ್ಲಿ ಮೂರು ಕಡೆ ಎಡವುತ್ತಾರೆ.

ಕ್ಯಾಮೆರಾ ಫೋಲ್ಡರ್ ಮಾತ್ರ ತಾನಾಗಿ ಬ್ಯಾಕಪ್ ಆಗುತ್ತದೆ. ವಾಟ್ಸಾಪ್, ಸ್ಕ್ರೀನ್‌ಶಾಟ್, ಡೌನ್‌ಲೋಡ್ ಫೋಲ್ಡರ್‌ಗಳನ್ನು ಬ್ಯಾಕಪ್ ಸೆಟ್ಟಿಂಗಿನ ಡಿವೈಸ್ ಫೋಲ್ಡರ್ಸ್‌ನಲ್ಲಿ ಒಂದೊಂದಾಗಿ ಆನ್ ಮಾಡಬೇಕು. ಮಾಡದೆ ಫೋನ್ ರೀಸೆಟ್ ಕೊಟ್ಟರೆ ವಾಟ್ಸಾಪಿನಲ್ಲಿ ಬಂದ ಮನೆಯ ಫೋಟೊಗಳು ಹೋದಂತೆಯೇ.

ಜಾಗ ಬಿಡಿಸಿಕೊಂಡ ಮೇಲೂ ಫೋಟೊಗಳು ಗೂಗಲ್ ಫೋಟೋಸ್‌ನಲ್ಲಿ ಕಾಣುತ್ತಲೇ ಇರುತ್ತವೆ. 'ಇನ್ನೂ ಹೋಗಿಲ್ಲವಲ್ಲ' ಎಂದು ಅಲ್ಲೇ ಮತ್ತೆ ಡಿಲೀಟ್ ಒತ್ತಿದರೆ ಕ್ಲೌಡಿನ, ಅಂದರೆ ಗೂಗಲ್ ಸರ್ವರಿನಲ್ಲಿರುವ, ಪ್ರತಿಯೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಫೋಟೊ ನಷ್ಟವಾಗುವ ದಾರಿ ಇದು. ಒಂದೇ ಫೋಟೊವನ್ನು ಫೋನಿನಿಂದಷ್ಟೇ ತೆಗೆಯಬೇಕಿದ್ದರೆ ಫೋಟೊ ತೆರೆದು ಮೆನುವಿನಲ್ಲಿ 'ಡಿಲೀಟ್ ಫ್ರಮ್ ಡಿವೈಸ್' ಆಯ್ಕೆ ಬಳಸಿ.

ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ನಡೆಯಬೇಕು. ಉಚಿತ ಮಿತಿಯಿಲ್ಲದ ಬ್ಯಾಕಪ್ 2021ರ ಜೂನ್ 1ಕ್ಕೆ ಮುಗಿಯಿತು, ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ಪೂ ಈಗ ಇದೇ ಲೆಕ್ಕಕ್ಕೆ ಸೇರುತ್ತದೆ. ಕ್ಲೌಡ್ ತುಂಬಿದ್ದರೆ ಬ್ಯಾಕಪ್ ಸದ್ದಿಲ್ಲದೆ ನಿಂತುಬಿಟ್ಟಿರುತ್ತದೆ. 'ಸ್ಟೋರೇಜ್ ಸೇವರ್' ಗುಣಮಟ್ಟ ಆರಿಸಿದರೆ ಫೋಟೊ 16 ಮೆಗಾಪಿಕ್ಸೆಲ್‌ಗೆ, ವಿಡಿಯೊ 1080ಪಿಗೆ ಇಳಿಯುತ್ತದೆ. ಹಳೆಯ ಫೋನಿನ ಫೋಟೊಗೆ ಅದು ಸಾಕೇ ಸಾಕು.

ಕಂಪ್ಯೂಟರ್ ಇದ್ದವರು ಅದನ್ನೂ ಬಳಸಬೇಕು. ಒಂದೇ ಕಡೆ ಇರುವ ನಕಲನ್ನು ನಕಲು ಎನ್ನಲಾಗದು.

1. ಕೇಬಲ್ ಹಾಕಿ, ಫೋನಿನ ಲಾಕ್ ತೆಗೆಯಿರಿ, ಮೇಲಿನಿಂದ ಎಳೆದು ಯುಎಸ್‌ಬಿ ಸೂಚನೆಯಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಈ ಸೂಚನೆಯೇ ಬರದಿದ್ದರೆ ಆ ಕೇಬಲ್ ಚಾರ್ಜ್ ಮಾಡಲಷ್ಟೇ ಇರುವಂಥದ್ದಾಗಿರಬಹುದು, ಬೇರೆ ಕೇಬಲ್ ಹಾಕಿ.
2. ಡಿಸಿಐಎಂ ಫೋಲ್ಡರ್ ಒಳಗಿನ ಕ್ಯಾಮೆರಾ ಫೋಲ್ಡರನ್ನು ಕಾಪಿ ಮಾಡಿ. ಕಟ್ ಬೇಡವೇ ಬೇಡ. ನಡುವೆ ಕೇಬಲ್ ಅಲುಗಿದರೆ ಅರ್ಧ ಇತ್ತ, ಅರ್ಧ ಅತ್ತ ಆಗುತ್ತದೆ.
3. ಒಮ್ಮೆಗೆ 3–4 ಜಿಬಿಯಷ್ಟೇ ಕಳಿಸಿ. ಸಾವಿರಾರು ಫೈಲ್ ಒಟ್ಟಿಗೆ ಕೊಟ್ಟರೆ ಹಳೆಯ ಫೋನ್ ಅರ್ಧದಲ್ಲಿ ಕೈಕೊಡುವುದು ಮಾಮೂಲು.
4. ಎರಡೂ ಕಡೆ ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಹೋಲಿಸಿ. ಸಂಖ್ಯೆ ಸರಿಯಿದ್ದು ಗಾತ್ರ ಕಡಿಮೆಯಿದ್ದರೆ ಯಾವುದೋ ದೊಡ್ಡ ವಿಡಿಯೊ ಅರ್ಧಕ್ಕೆ ನಿಂತಿದೆ ಎಂದರ್ಥ.
5. ಕಂಪ್ಯೂಟರಿನಲ್ಲಿ ಅತಿ ದೊಡ್ಡ ಮೂರು ನಾಲ್ಕು ವಿಡಿಯೊಗಳನ್ನು ಕೊನೆಯ ಕ್ಷಣದವರೆಗೆ ಓಡಿಸಿ ನೋಡಿ. ಸರಿಯಿದ್ದರೆ ಮಾತ್ರ ಫೋನಿನಿಂದ ಅಳಿಸಿ.

ಪೆನ್‌ಡ್ರೈವಿಗೆ ಹಾಕುವಾಗ 4 ಜಿಬಿಗಿಂತ ದೊಡ್ಡ ವಿಡಿಯೊ ಹೋಗದೆ ತಕರಾರು ಮಾಡಿದರೆ ಅದು ಫ್ಯಾಟ್32 ಫಾರ್ಮ್ಯಾಟಿನ ಮಿತಿ. ಪೆನ್‌ಡ್ರೈವಿನಲ್ಲಿರುವುದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ.

ಮುಂದೆ ತುಂಬದಿರಲು ಕ್ಯಾಮೆರಾ ಸೆಟ್ಟಿಂಗಿನಲ್ಲಿ ವಿಡಿಯೊವನ್ನು 1080ಪಿ, ಸೆಕೆಂಡಿಗೆ 30 ಫ್ರೇಮ್‌ಗೆ ಇಳಿಸಿ. ಎಚ್‌ಇವಿಸಿ ಅಥವಾ 'ಹೈ ಎಫಿಶಿಯೆನ್ಸಿ' ಆಯ್ಕೆ ಇದ್ದರೆ ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಆದರೆ ತೀರಾ ಹಳೆಯ ಟಿವಿ ಅಥವಾ ಕಂಪ್ಯೂಟರಿನಲ್ಲಿ ಆ ವಿಡಿಯೊ ಓಡದಿರಬಹುದು.

ಅಳಿಸಿದರೂ ಜಾಗ ಬರಲಿಲ್ಲವೇ? ಕಸದಬುಟ್ಟಿ ನೋಡಿ

ಈಗಿನ ಫೋನಿನಲ್ಲಿ ಕಸದಬುಟ್ಟಿ ಒಂದಲ್ಲ. ಗ್ಯಾಲರಿಗೆ ಒಂದು, ಗೂಗಲ್ ಫೋಟೋಸ್‌ಗೆ ಒಂದು, ಫೈಲ್ ಮ್ಯಾನೇಜರಿಗೆ ಇನ್ನೊಂದು. ಗೂಗಲ್ ಫೋಟೋಸ್ ಬ್ಯಾಕಪ್ ಆದದ್ದನ್ನು 60 ದಿನ, ಆಗದ್ದನ್ನು 30 ದಿನ ಇಟ್ಟುಕೊಳ್ಳುತ್ತದೆ. ಗೂಗಲ್ ಫೈಲ್ಸ್ ಆ್ಯಪ್ 30 ದಿನ. ಆವರೆಗೆ ಅವು ಫೋನಿನ ಜಾಗದಲ್ಲೇ ಕೂತಿರುತ್ತವೆ. ಮೂರನ್ನೂ ತೆರೆದು ಖಾಲಿ ಮಾಡಿ. ಖಾಲಿ ಮಾಡುವ ಮುನ್ನ ಒಮ್ಮೆ ಮೇಲಿಂದ ಕೆಳಗೆ ಕಣ್ಣಾಡಿಸಿ, ಇದು ವಾಪಸ್ ಪಡೆಯುವ ಕೊನೆಯ ಅವಕಾಶ.

ಆ್ಯಪ್‌ಗಳು

ಸೆಟ್ಟಿಂಗ್ಸ್ > ಆ್ಯಪ್ಸ್‌ನಲ್ಲಿ ಗಾತ್ರದ ಪ್ರಕಾರ ಜೋಡಿಸಿ ಒಂದೊಂದರ ಸ್ಟೋರೇಜ್ ಪುಟ ತೆರೆದರೆ ಮೂರು ಸಂಖ್ಯೆ ಕಾಣುತ್ತದೆ: ಆ್ಯಪ್, ಡೇಟಾ, ಕ್ಯಾಶ್. ಇವನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಒಂದು ಹಾಡಿನ ಆ್ಯಪ್ ಹೀಗೆ ತೋರಿಸುತ್ತಿದೆ ಎನ್ನಿ: ಆ್ಯಪ್ 90 ಎಂಬಿ, ಡೇಟಾ 1.8 ಜಿಬಿ, ಕ್ಯಾಶ್ 300 ಎಂಬಿ. ಇಲ್ಲಿ ಕ್ಯಾಶ್ ಅಳಿಸಿದರೆ ಸಿಗುವುದು 300, ಅದೂ ಬಳಸುತ್ತಾ ಹೋದಂತೆ ಮತ್ತೆ ತುಂಬುತ್ತದೆ. 1.8 ಜಿಬಿ ಎಂದರೆ ಆಫ್‌ಲೈನ್ ಕೇಳಲು ಇಳಿಸಿಟ್ಟ ಹಾಡುಗಳು. ಆ್ಯಪ್ ಒಳಗೆ ಹೋಗಿ ಡೌನ್‌ಲೋಡ್ ಪಟ್ಟಿಯಿಂದ ತೆಗೆಯಬೇಕಾದದ್ದು ಅವನ್ನು. ಯೂಟ್ಯೂಬ್, ಸಿನಿಮಾ ಆ್ಯಪ್, ಪಾಡ್‌ಕಾಸ್ಟ್ ಎಲ್ಲಕ್ಕೂ ಇದೇ ಮಾತು. ಗೂಗಲ್ ಮ್ಯಾಪ್ಸ್‌ನ ಪ್ರೊಫೈಲ್ ಮೆನುವಿನಲ್ಲಿ ಆಫ್‌ಲೈನ್ ಮ್ಯಾಪ್ಸ್, ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಇಳಿಸಿದ ಭಾಷೆಗಳು ಕೂಡ ಇಂಥವೇ. ಯಾವುದೋ ಪ್ರವಾಸಕ್ಕೆಂದು ಇಳಿಸಿದ್ದು ಹಾಗೇ ಉಳಿದಿರುತ್ತದೆ.

'ಕ್ಲಿಯರ್ ಕ್ಯಾಶ್' ಒತ್ತಲು ಹೆದರಬೇಕಿಲ್ಲ. ಅದರ ಪಕ್ಕದ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಬೇರೆಯೇ ವಿಷಯ. ಅದು ಆ್ಯಪನ್ನು ಹೊಸದಾಗಿ ಹಾಕಿದ ಸ್ಥಿತಿಗೆ ತರುತ್ತದೆ: ಲಾಗಿನ್, ಸೆಟ್ಟಿಂಗ್, ಒಳಗೆ ಉಳಿಸಿದ್ದೆಲ್ಲ ಹೋಗುತ್ತದೆ. ವಾಟ್ಸಾಪ್, ಬ್ಯಾಂಕಿನ ಆ್ಯಪ್, ಎರಡನೇ ಹಂತದ ಕೋಡ್ ಕೊಡುವ ಅಥೆಂಟಿಕೇಟರ್, ನೋಟ್ಸ್ ಆ್ಯಪ್ ಇವುಗಳಲ್ಲಿ ಅದನ್ನು ಒತ್ತಬೇಡಿ.

ತೆಗೆದುಹಾಕಲು ಬಾರದ, ಕಂಪನಿಯೇ ಹಾಕಿಕೊಟ್ಟ ಆ್ಯಪ್‌ಗಳಿಂದಲೂ ಜಾಗ ಸಿಗುತ್ತದೆ. ಅವುಗಳ ಮೂಲ ಪ್ರತಿ ಸಿಸ್ಟಮ್ ಭಾಗದಲ್ಲಿದೆ, ಅದನ್ನು ಅಲುಗಾಡಿಸಲು ಆಗದು, ಆದರೂ ನಂತರ ಬಂದ ಅಪ್‌ಡೇಟ್‌ಗಳೆಲ್ಲ ನಿಮ್ಮ ಪಾಲಿನ ಜಾಗದಲ್ಲಿ ಕೂರುತ್ತವೆ. ಬಳಸದ ಆ್ಯಪಿನ ಮಾಹಿತಿ ಪುಟದಲ್ಲಿ ಮೂರು ಚುಕ್ಕಿ ಒತ್ತಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಕೊಡಿ, ಕೂಡಲೇ 'ಡಿಸೇಬಲ್' ಮಾಡಿ. ಡಿಸೇಬಲ್ ಮಾಡದೆ ಬಿಟ್ಟರೆ ಪ್ಲೇ ಸ್ಟೋರ್ ಮತ್ತೆ ಅಪ್‌ಡೇಟ್ ಇಳಿಸುತ್ತದೆ. ಹೀಗೆ ಐದಾರು ಆ್ಯಪ್ ಮಾಡಿದರೆ ಹಲವು ನೂರು ಎಂಬಿ ಕೈಗೆ ಬರುತ್ತದೆ. ಗೂಗಲ್ ಪ್ಲೇ ಸರ್ವಿಸಸ್, ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ, ಕೀಬೋರ್ಡ್, ಫೋನ್ ಇವುಗಳ ತಂಟೆಗೆ ಹೋಗಬೇಡಿ. ವೆಬ್‌ವ್ಯೂ ಕೈಬಿಟ್ಟರೆ ಸಂಬಂಧವೇ ಇಲ್ಲದ ಆ್ಯಪ್‌ಗಳೂ ತೆರೆದ ಕೂಡಲೇ ಮುಚ್ಚಿಕೊಳ್ಳಲು ಶುರುಮಾಡುತ್ತವೆ.

ಅಪರೂಪಕ್ಕೆ ಬಳಸುವ ಶಾಪಿಂಗ್, ಸುದ್ದಿ, ಟಿಕೆಟ್ ಆ್ಯಪ್‌ಗಳನ್ನು ತೆಗೆದು ಬ್ರೌಸರಿನಲ್ಲೇ ತೆರೆಯಿರಿ. ಫೇಸ್‌ಬುಕ್‌ಗೆ ಲೈಟ್ ಆವೃತ್ತಿ ಇದೆ, ಹಳೆಯ ಫೋನಿಗೆ ಅದೇ ಸರಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಆ್ಯಪ್‌ಗಳನ್ನು ತಾನಾಗಿ ಆರ್ಕೈವ್ ಮಾಡುವ ಆಯ್ಕೆ ಇದ್ದರೆ ಆನ್ ಮಾಡಿ. ಜಾಗ ಸಾಲದಾದಾಗ ಬಳಸದ ಆ್ಯಪಿನ ಹೊರಕವಚವನ್ನಷ್ಟೇ ತೆಗೆದು ಒಳಗಿನ ಡೇಟಾ ಉಳಿಸಿಕೊಳ್ಳುತ್ತದೆ.

ಕ್ಲೀನರ್, ಬೂಸ್ಟರ್ ಆ್ಯಪ್‌ಗಳು ಬೇಡ. ಅವು ಅಳಿಸುವ ಕ್ಯಾಶ್ ನೀವೇ ಅಳಿಸಬಹುದಾದದ್ದು. ಬದಲಿಗೆ ಜಾಹೀರಾತು ತೋರಿಸುತ್ತವೆ, ಹಿನ್ನೆಲೆಯಲ್ಲಿ ಓಡುತ್ತಾ ಇರುವ ಸ್ವಲ್ಪ ರ್‍ಯಾಮ್ ಅನ್ನೂ ತಿನ್ನುತ್ತವೆ.

ಮೆಮೊರಿ ಕಾರ್ಡ್ ಹಾಕುವ ಮುನ್ನ

ಫೋಟೊ, ಹಾಡು, ಸಿನಿಮಾ ಇಡಲು ಕಾರ್ಡ್ ಒಳ್ಳೆಯದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಉಳಿಸುವ ಜಾಗವನ್ನು ಎಸ್‌ಡಿ ಕಾರ್ಡ್‌ಗೆ ಬದಲಿಸಿ. ವಾಟ್ಸಾಪ್ ಅಲ್ಲಿಗೆ ಹೋಗುವುದಿಲ್ಲ, ಆ ಆಸೆ ಬೇಡ. ತೀರಾ ಹಳೆಯ ಫೋನುಗಳು 32 ಜಿಬಿವರೆಗಿನ ಕಾರ್ಡನ್ನಷ್ಟೇ ಓದುತ್ತವೆ, ಕೊಳ್ಳುವ ಮೊದಲು ಫೋನಿನ ವಿವರ ನೋಡಿ. ಬರೆಯುವ ವೇಗ ಹೇಳುವ ಕ್ಲಾಸ್ 10 ಅಥವಾ ಯು1 ಗುರುತು ಇರಲಿ, ಆ್ಯಪ್ ಇಡುವುದಾದರೆ ಎ1 ಗುರುತಿನದು.

ಆಂಡ್ರಾಯ್ಡ್ 6ರಿಂದ ಕಾರ್ಡನ್ನು 'ಇಂಟರ್ನಲ್ ಸ್ಟೋರೇಜ್' ಆಗಿ ಫಾರ್ಮ್ಯಾಟ್ ಮಾಡುವ ಸೌಲಭ್ಯ ಬಂತು, ಎಲ್ಲ ಕಂಪನಿಗಳೂ ಅದನ್ನು ಕೊಟ್ಟಿಲ್ಲ. ಇದ್ದರೂ ಯೋಚಿಸಿ ಮಾಡಿ. ಕಾರ್ಡಿನಲ್ಲಿರುವುದೆಲ್ಲ ಅಳಿಸಿ ಎನ್‌ಕ್ರಿಪ್ಟ್ ಆಗುತ್ತದೆ, ಆ ಫೋನ್ ಬಿಟ್ಟು ಬೇರೆಲ್ಲೂ ಓದಲು ಬಾರದು. ಫೋನ್ ಕೆಟ್ಟರೆ ಕಾರ್ಡಿನ ಫೋಟೊಗಳೂ ಹೋದವು. ಕಾರ್ಡ್ ನಿಧಾನವಾಗಿದ್ದರೆ ಇಡೀ ಫೋನೇ ನಿಧಾನವಾಗುತ್ತದೆ. ಹೆಚ್ಚಿನವರಿಗೆ 'ಪೋರ್ಟಬಲ್' ಆಯ್ಕೆಯೇ ಸರಿ.

ಅಗ್ಗಕ್ಕೆ ಸಿಕ್ಕ ದೊಡ್ಡ ಕಾರ್ಡ್ ಆದರೆ ಫೋಟೊ ಹಾಕುವ ಮೊದಲು ಪರೀಕ್ಷಿಸಿ. 128 ಜಿಬಿ ಎಂದು ತೋರಿಸಿ ಒಳಗೆ 8 ಜಿಬಿಯಷ್ಟೇ ಇರುವ ನಕಲಿ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ. ಮಿತಿ ದಾಟಿದ ಮೇಲೆ ಬರೆದದ್ದೆಲ್ಲ ಹಾಳು, ಫೈಲ್ ಹೆಸರು ಮಾತ್ರ ಕಾಣುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಉಪಕರಣಗಳು ಇಡೀ ಕಾರ್ಡನ್ನು ತುಂಬಿಸಿ, ಮತ್ತೆ ಓದಿ ನಿಜ ಹೇಳುತ್ತವೆ.

ಫೈಲ್ ಮ್ಯಾನೇಜರಿನಲ್ಲಿ ಓಡಾಡುವಾಗ ಒಂದು ಎಚ್ಚರಿಕೆ. 'ಆಂಡ್ರಾಯ್ಡ್' ಎಂಬ ಫೋಲ್ಡರನ್ನು ಇಡಿಯಾಗಿ ಅಳಿಸಬೇಡಿ. ಅದರೊಳಗಿನ ಒಬಿಬಿ ಎಂದರೆ ಗೇಮ್‌ಗಳ ಫೈಲ್, ಮೀಡಿಯಾ ಎಂದರೆ ಮೇಲೆ ಹೇಳಿದ ವಾಟ್ಸಾಪ್. ಡಿಸಿಐಎಂನಲ್ಲಿ ಅಡಗಿರುವ, ಫೋಟೊಗಳ ಪುಟ್ಟ ಪ್ರತಿಗಳಿರುವ ಥಂಬ್‌ನೇಲ್ಸ್ ಫೋಲ್ಡರ್ ಅಳಿಸಿದರೆ ಅಪಾಯವಿಲ್ಲ, ಗ್ಯಾಲರಿ ತೆರೆದಾಗ ಅದು ಮತ್ತೆ ಹುಟ್ಟಿಕೊಳ್ಳುತ್ತದೆ.

ಐಫೋನ್ ಆದರೆ

ಸೆಟ್ಟಿಂಗ್ಸ್ > ಜನರಲ್ > ಐಫೋನ್ ಸ್ಟೋರೇಜ್. ಇಲ್ಲಿ ಕ್ಯಾಶ್ ಅಳಿಸುವ ಬಟನ್ ಇಲ್ಲ. ಒಂದು ಆ್ಯಪಿನ 'ಡಾಕ್ಯುಮೆಂಟ್ಸ್ ಆ್ಯಂಡ್ ಡೇಟಾ' ವಿಪರೀತ ಬೆಳೆದಿದ್ದು, ಆ್ಯಪ್ ಒಳಗೇ ಅಳಿಸುವ ದಾರಿಯೂ ಇಲ್ಲದಿದ್ದರೆ ಆ್ಯಪನ್ನೇ ಡಿಲೀಟ್ ಮಾಡಿ ಮತ್ತೆ ಹಾಕಬೇಕು. 'ಆಫ್‌ಲೋಡ್' ಮಾಡಿದರೆ ಆ್ಯಪ್ ಹೋಗಿ ಡೇಟಾ ಉಳಿಯುತ್ತದೆ, ಆದ್ದರಿಂದ ಈ ಸಮಸ್ಯೆಗೆ ಅದು ಮದ್ದಲ್ಲ. ಆ್ಯಪ್ ಸ್ಟೋರಿನಿಂದ ತೆಗೆದುಹಾಕಿರುವ ಹಳೆಯ ಆ್ಯಪನ್ನು ಆಫ್‌ಲೋಡ್ ಮಾಡಿದರೆ ವಾಪಸ್ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಮೂಲ ಫೋಟೊವನ್ನು ಐಕ್ಲೌಡ್‌ನಲ್ಲಿಟ್ಟು ಫೋನಿನಲ್ಲಿ ಸಣ್ಣ ಪ್ರತಿ ಇಡುವ, ಫೋಟೋಸ್‌ನ 'ಆಪ್ಟಿಮೈಸ್ ಐಫೋನ್ ಸ್ಟೋರೇಜ್' ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ಅಳಿಸಿದ ಫೋಟೊ 'ರೀಸೆಂಟ್ಲಿ ಡಿಲೀಟೆಡ್'ನಲ್ಲಿ 30 ದಿನ ಇರುತ್ತದೆ. ಮೆಸೇಜಸ್‌ನಲ್ಲಿ 'ಕೀಪ್ ಮೆಸೇಜಸ್' ಅನ್ನು ಒಂದು ವರ್ಷಕ್ಕೆ ಇಳಿಸಬಹುದು, ಇಳಿಸಿದ ಕೂಡಲೇ ಅದಕ್ಕಿಂತ ಹಳೆಯವು ಹೋಗುತ್ತವೆ. ಐಒಎಸ್ ಅಪ್‌ಡೇಟ್‌ಗೆ ಜಾಗ ಸಾಲದಿದ್ದರೆ ಕಂಪ್ಯೂಟರಿಗೆ ಜೋಡಿಸಿ ಅಲ್ಲಿಂದ ಅಪ್‌ಡೇಟ್ ಕೊಡಿ, ಫೋನಿನಲ್ಲಿ ಕಡಿಮೆ ಜಾಗ ಸಾಕಾಗುತ್ತದೆ.

ಇಷ್ಟಾದರೂ ಸಾಲದಿದ್ದರೆ

ಎಲ್ಲವನ್ನೂ ಅಳಿಸಿ ಫೋನನ್ನು ಕೊಂಡಾಗಿನ ಸ್ಥಿತಿಗೆ ತರುವ ಫ್ಯಾಕ್ಟರಿ ರೀಸೆಟ್ ಕೊನೆಯ ದಾರಿ. ಫೋಟೊಗಳ ನಕಲು ಎರಡು ಕಡೆ ಇರಲಿ. ವಾಟ್ಸಾಪ್ ಬ್ಯಾಕಪ್ ಅದೇ ದಿನದ್ದಿರಲಿ. ಕಾಂಟ್ಯಾಕ್ಟ್‌ಗಳು ಗೂಗಲ್ ಖಾತೆಯಲ್ಲಿವೆಯೇ ಎಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಫೋನ್ ಮೆಮೊರಿಯಲ್ಲಷ್ಟೇ ಉಳಿಸಿದ್ದರೆ ಅವು ಹೋಗುತ್ತವೆ. ಅಥೆಂಟಿಕೇಟರ್ ಇದ್ದರೆ ಮೊದಲು ಬೇರೆ ಫೋನಿಗೆ ವರ್ಗಾಯಿಸಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಬೇರೆ ಕಡೆ ಲಾಗಿನ್ ಆಗಿ ಖಾತರಿ ಮಾಡಿಕೊಳ್ಳಿ. ಆಂಡ್ರಾಯ್ಡ್ 5.1 ಮತ್ತು ಅದರ ನಂತರದ ಫೋನ್‌ಗಳು ರೀಸೆಟ್ ಆದ ಮೇಲೆ ಹಿಂದಿನ ಖಾತೆಯನ್ನೇ ಕೇಳಬಹುದು, ಗೊತ್ತಿಲ್ಲದಿದ್ದರೆ ಫೋನ್ ತೆರೆಯುವುದೇ ಇಲ್ಲ. ಮೆಮೊರಿ ಕಾರ್ಡನ್ನು ಹೊರಗೆ ತೆಗೆದಿಡಿ. ಕಾರ್ಡನ್ನು ಇಂಟರ್ನಲ್ ಆಗಿ ಫಾರ್ಮ್ಯಾಟ್ ಮಾಡಿದ್ದರೆ ಅದರಲ್ಲಿರುವುದನ್ನೂ ಮೊದಲೇ ಕಂಪ್ಯೂಟರಿಗೆ ನಕಲಿಸಿರಬೇಕು, ರೀಸೆಟ್ ಆದ ಮೇಲೆ ಅದನ್ನು ಓದುವ ಕೀಲಿಯೇ ಇರುವುದಿಲ್ಲ.

ರೀಸೆಟ್ ಆದ ಮೇಲೆ 'ಹಳೆಯ ಆ್ಯಪ್‌ಗಳನ್ನೆಲ್ಲ ಮರಳಿ ಹಾಕಲೇ' ಎಂದು ಫೋನ್ ಕೇಳುತ್ತದೆ. ಎಲ್ಲಕ್ಕೂ ಹೂಂ ಎಂದರೆ ಹಳೆಯ ಸ್ಥಿತಿಯೇ ಮರಳುತ್ತದೆ. ಪಟ್ಟಿಯಲ್ಲಿ ಎಲ್ಲದರ ಟಿಕ್ ತೆಗೆದು, ವಾಟ್ಸಾಪ್ ಮತ್ತು ದಿನವೂ ಬೇಕಾದ ನಾಲ್ಕೈದನ್ನು ಮಾತ್ರ ಹಾಕಿಕೊಳ್ಳಿ. ವಾಟ್ಸಾಪ್ ಬ್ಯಾಕಪ್ ಮರಳುವಾಗ ಮೊದಲು ಸಂದೇಶಗಳು ಬರುತ್ತವೆ, ಮೀಡಿಯಾ ಹಿನ್ನೆಲೆಯಲ್ಲಿ ಆಮೇಲೆ ಇಳಿಯುತ್ತದೆ. ಅದು ಮುಗಿಯುವುದರೊಳಗೆ ಆಟೊ ಡೌನ್‌ಲೋಡ್ ಪುಟಕ್ಕೆ ಹೋಗಿ ಮೂರೂ ಸಾಲಿನ ಟಿಕ್ ಮತ್ತೆ ತೆಗೆಯಿರಿ. ರೀಸೆಟ್ ಆದಾಗ ಆ ಸೆಟ್ಟಿಂಗ್ ಕೂಡ ಮೊದಲಿನಂತಾಗಿರುತ್ತದೆ.